ಹಲಸಿನ ಹಲಗೆಯಲ್ಲಿ ನೀಲಿ ರೆಸಿನ್ ಹರಡಿಬಿಟ್ಟಿದೆ, ಗೃಹಪ್ರವೇಶಕ್ಕೆ 19 ದಿನ ಇದೆ

ಕೊಪ್ಪದ_ಗರಗಸ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಆದರೂ ಪೂರ್ತಿ ಓದಿ ಹೇಳಿ.

ಅಕ್ಕ ಶಿವಮೊಗ್ಗದಲ್ಲಿ ಮನೆ ಕಟ್ಟಿಸಿದ್ದಾಳೆ. ಬಾಗಿಲ ಪಕ್ಕಕ್ಕೆ "ಮಂದಾರ" ಅಂತ ಹೆಸರಿನ ಹಲಗೆ ನಾನೇ ಮಾಡಿಕೊಡುತ್ತೇನೆ ಅಂದಿದ್ದೆ. ಮರ ನಮ್ಮ ಹಿತ್ತಲ ಹಲಸು. ಹೋದ ಮಳೆಗಾಲದಲ್ಲಿ ಬಿದ್ದದ್ದು, ಮಿಲ್ಲಿನಲ್ಲಿ ಸೀಳಿಸಿ ಇಟ್ಟಿದ್ದೆವು. ಈಗ ಹಲಗೆ 18 ಮಿ.ಮೀ. ದಪ್ಪ ಇದೆ, ಅಕ್ಷರ 90 ಮಿ.ಮೀ. ಎತ್ತರ. ಸ್ಕ್ರಾಲ್ ಸಾ ಮಷೀನಿಗೆ (ಸಣ್ಣ ಬ್ಲೇಡಿನ ಗರಗಸ) ಐದನೇ ನಂಬರ್ ಬ್ಲೇಡ್ ಹಾಕಿ ಅಕ್ಷರಗಳನ್ನು ಆರುಪಾರು, ಅಂದರೆ ಹಲಗೆಯ ಆಚೆ ಬದಿಯವರೆಗೂ ಕೊರೆದೆ. ಕೊರೆತ ಚೆನ್ನಾಗಿ ಬಂತು, ಅದರಲ್ಲಿ ತಕರಾರಿಲ್ಲ.

ರೆಸಿನ್ (ಹಾರ್ಡ್‌ನರ್ ಅನ್ನುವ ಇನ್ನೊಂದು ದ್ರವ ಕಲಸಿದರೆ ಗಟ್ಟಿಯಾಗುವ ಎಪಾಕ್ಸಿ) ಯಾಕೆ ಅಂದರೆ, ಕನ್ನಡ ಅಕ್ಷರ ಕೊರೆದವರಿಗೆಲ್ಲ ಗೊತ್ತಿರುತ್ತದೆ. ಸೊನ್ನೆಯ ನಡುವಿನ ಬಿಲ್ಲೆ ಉದುರುತ್ತದೆ. ರ ಅಕ್ಷರದ ಹೊಟ್ಟೆ ಉದುರುತ್ತದೆ. ಮ ಅಕ್ಷರದ್ದೂ ಅದೇ ಕಥೆ. ಅಲ್ಲಲ್ಲಿ ಸೇತುವೆ ಬಿಟ್ಟು ಕೊರೆದರೆ ಅಕ್ಷರದ ಅಂದ ಹೋಗುತ್ತದೆ. ಅದಕ್ಕೆ ಹಿಂದೆ ಟೇಪ್ ಅಂಟಿಸಿ, ಉದುರಿದ ಬಿಲ್ಲೆಗಳನ್ನು ಅವುಗಳ ಜಾಗದಲ್ಲೇ ಕೂರಿಸಿ, ಸುತ್ತ ನೀಲಿ ರೆಸಿನ್ ಸುರಿದೆ. ಬಣ್ಣಕ್ಕೆ ಆಲ್ಕೋಹಾಲ್ ಇಂಕ್ ಹಾಕಿದ್ದೆ.

ಸುರಿದದ್ದು ಭಾನುವಾರ, ಇವತ್ತು ಬುಧವಾರ. ನೀಲಿ ಬಣ್ಣ ಅಕ್ಷರದ ಗೆರೆ ದಾಟಿ ಮರದೊಳಗೆ ಹರಡಿದೆ, ಒದ್ದೆ ಕಾಗದದ ಮೇಲೆ ಮಸಿ ಬಿಟ್ಟ ಹಾಗೆ. ಅಡ್ಡಕ್ಕೆ ಅಷ್ಟಿಲ್ಲ, ಮರದ ಎಳೆ ಹೋಗುವ ದಿಕ್ಕಿಗೆ 3–4 ಮಿ.ಮೀ. ಹೋಗಿದೆ. ಮೇಲೆಲ್ಲ ಸಾಸಿವೆ ಗಾತ್ರದ ಗುಳ್ಳೆ. ಮೂರು ದಿನ ಆದರೂ ಉಗುರು ಊರಿದರೆ ಗುರುತು ಬೀಳುತ್ತದೆ, ಬೆರಳಿಗೆ ಅಂಟುತ್ತದೆ.

ಇದನ್ನು ಉಳಿಸಬಹುದಾ? ಅಥವಾ ಹೊಸದಾಗಿ ಶುರು ಮಾಡಲಾ?

ಉಳಿಬಾಚಿ

ಸುರಿಯುವ ಮುಂಚೆ ಕೊರೆದ ಅಂಚಿಗೆ ಏನು ಬಳಿದಿರಿ?

ಕೊಪ್ಪದ_ಗರಗಸ

ಏನೂ ಬಳಿದಿಲ್ಲ. ಬಳಿಯಬೇಕು ಅಂತ ಗೊತ್ತಿರಲಿಲ್ಲ.

ಉಳಿಬಾಚಿ

ಹಾಗಾದರೆ ಹರಡಿದ್ದಕ್ಕೂ ಗುಳ್ಳೆಗೂ ಕಾರಣ ಒಂದೇ.

ಮರ ಅಂದರೆ ಹುಲ್ಲಿನ ಕಟ್ಟು ಅಂದುಕೊಳ್ಳಿ. ಕಟ್ಟಿನ ಪಕ್ಕಕ್ಕೆ ನೀರು ಚಿಮುಕಿಸಿದರೆ ಜಾರುತ್ತದೆ, ತುದಿಗೆ ಹಿಡಿದರೆ ಒಳಗೆ ಹೀರುತ್ತದೆ. ನಿಮ್ಮ ಅಕ್ಷರದ ದುಂಡು ಗೆರೆ ಎಲ್ಲೆಲ್ಲಿ ಎಳೆಯನ್ನು ಅಡ್ಡ ಕತ್ತರಿಸಿದೆಯೋ ಅಲ್ಲೆಲ್ಲ ಆ ಕೊಳವೆಗಳ ಬಾಯಿ ತೆರೆದಿದೆ. ರೆಸಿನ್ ಒಳಗೆ ಹೋಗುತ್ತದೆ, ಒಳಗಿದ್ದ ಗಾಳಿ ಹೊರಗೆ ಬರುತ್ತದೆ. ಆ ಗಾಳಿಯೇ ಗುಳ್ಳೆ. ನೀವು ಎಷ್ಟು ಮೆಲ್ಲಗೆ ಕಲಸಿದರೂ ಅದು ಬಂದೇ ಬರುತ್ತದೆ, ಯಾಕೆಂದರೆ ಅದು ಕಪ್ಪಿನಲ್ಲಿ ಹುಟ್ಟಿದ್ದಲ್ಲ, ಮರದ ಉಸಿರು. ಅದೂ ಅಲ್ಲದೆ ಆಲ್ಕೋಹಾಲ್ ಇಂಕ್ ಕರಗುವ ಬಣ್ಣ. ರೆಸಿನ್ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೂ ಬಣ್ಣ ಹೋಗುತ್ತದೆ. ಮೈಕಾ ಪುಡಿ ಅಥವಾ ಪೇಸ್ಟ್ ಬಣ್ಣ ಆಗಿದ್ದರೆ ಅದರ ಕಣ ಕೊಳವೆಯ ಬಾಯಲ್ಲೇ ನಿಲ್ಲುತ್ತಿತ್ತು, ಇಷ್ಟು ಅಸಹ್ಯ ಆಗುತ್ತಿರಲಿಲ್ಲ.

ಮುಂದಿನ ಸಲ ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಸಣ್ಣ ಬ್ರಷ್ಷಿನಲ್ಲಿ ಒಳಗಿನ ಅಂಚಿಗೆಲ್ಲ ಎರಡು ಕೈ ಬಳಿಯಿರಿ. ತುದಿ ಎಳೆ ಇರುವ ಕಡೆ, ಅಂದರೆ ಕೊಳವೆಯ ಬಾಯಿ ತೆರೆದಿರುವ ಕಡೆ, ಮೂರು ಕೈ. ಬಡಗಿಗಳು ಪಾಲಿಶ್‌ಗೆ ಹಾಕುವ ಅದೇ ಚಕ್ಕೆ.

ಸಾಣೆಕಲ್ಲು

ಅರಗು ಬಳಿಯುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಅಂಗಡಿಯಲ್ಲಿ ಸಿಗುವ ಚಕ್ಕೆಯಲ್ಲಿ ಮೇಣ ಇರುತ್ತದೆ. ಮೇಣದ ಮೇಲೆ ಎಪಾಕ್ಸಿ ಹಿಡಿಯುವುದಿಲ್ಲ. ಹಾಗೆ ಮಾಡಿದ ಒಂದು ಟ್ರೇ ಒಂದೇ ಬೇಸಿಗೆಗೆ ಅಂಚಿನಲ್ಲಿ ಬಾಯಿಬಿಟ್ಟು ನನ್ನ ಹತ್ತಿರವೇ ವಾಪಸ್ ಬಂತು, ದುಡ್ಡೂ ವಾಪಸ್ ಕೊಟ್ಟೆ. ಬಣ್ಣ ಹಾಕದ ರೆಸಿನ್ ಅನ್ನೇ ತೆಳ್ಳಗೆ ಅಂಚಿಗೆ ಬಳಿದು, ಅದು ಇನ್ನೂ ಅಂಟಂಟಾಗಿರುವಾಗಲೇ ಬಣ್ಣದ್ದನ್ನು ಸುರಿಯಿರಿ. ರೆಸಿನ್ ಮೇಲೆ ರೆಸಿನ್. ಬೇರೆ ಏನೂ ಬೇಡ.

ಉಳಿಬಾಚಿ

ಮೇಣದ ಮಾತು ನಿಜ. ಅದಕ್ಕೆ ದ್ರಾವಣವನ್ನು ಎರಡು ದಿನ ಬಾಟಲಿಯಲ್ಲಿ ಅಲುಗಾಡಿಸದೆ ಇಡಬೇಕು. ಮೇಣ ಅಡಿಗೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ತೆಗೆದುಕೊಳ್ಳಿ. ಹಾಗೆ ಮಾಡಿದ್ದು ನನ್ನ ಹತ್ತಿರ ಆರು ವರ್ಷದಿಂದ ಇದೆ, ಒಂದೂ ಬಿಟ್ಟಿಲ್ಲ.

ನೀವು ಹೇಳುವ ದಾರಿಯಲ್ಲೂ ಒಂದು ತೊಂದರೆ ಇದೆ. ಬಣ್ಣವಿಲ್ಲದ ರೆಸಿನ್ ಒಳಗೆ ಇಳಿದರೂ ಮರ ಕಪ್ಪಾಗುತ್ತದೆ, ನೀರು ಬಿದ್ದ ಗುರುತಿನ ಹಾಗೆ ಅಕ್ಷರದ ಸುತ್ತ ನೆರಳು ಕಾಣುತ್ತದೆ. ಹಲಸಿನಂಥ ಹಳದಿ ಮರದಲ್ಲಿ ಅದು ಎದ್ದು ಕಾಣುತ್ತದೆ.

ಸಾಣೆಕಲ್ಲು

ಕೊನೆಗೆ ಪೂರ್ತಿ ಹಲಗೆಗೆ ಎಣ್ಣೆ ಹಚ್ಚುತ್ತೀರಲ್ಲ, ಆಗ ಇಡೀ ಮರವೇ ಕಪ್ಪಾಗುತ್ತದೆ. ನೆರಳು ಎಲ್ಲಿ ಉಳಿಯಿತು?

ಉಳಿಬಾಚಿ

ಸ್ವಲ್ಪ ಉಳಿಯುತ್ತದೆ. ಪರೀಕ್ಷೆ ಮಾಡಿ ನೋಡಿ.

ತಕ್ಕಡಿ_ಬಟ್ಟು

ಇಬ್ಬರೂ ಅಂಚಿನ ಬಗ್ಗೆಯೇ ಮಾತಾಡುತ್ತಿದ್ದೀರಿ, ಮೂರು ದಿನ ಆದರೂ ಅಂಟುತ್ತಿದೆ ಅಂತ ಅವರು ಬರೆದಿದ್ದನ್ನು ಯಾರೂ ಕೇಳಲಿಲ್ಲ. ಅಂಚು ಸರಿ ಇಲ್ಲದಿದ್ದರೆ ಅಂದ ಕೆಡುತ್ತದೆ. ರೆಸಿನ್ನೇ ಗಟ್ಟಿ ಆಗದಿದ್ದರೆ ಉಳಿಸಿಕೊಳ್ಳಲು ಏನೂ ಇರುವುದಿಲ್ಲ. ಕೊಪ್ಪದವರೇ, ರೆಸಿನ್ ಮತ್ತು ಹಾರ್ಡ್‌ನರ್ ಯಾವುದರಲ್ಲಿ ಅಳೆದಿರಿ? ಡಬ್ಬಿಯ ಮೇಲೆ ಏನು ಬರೆದಿದೆ?

ಕೊಪ್ಪದ_ಗರಗಸ

ಡಬ್ಬಿಯ ಮೇಲೆ 2:1 ಅಂತ ಇದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಕ ಮಾಡಿದೆ. 200 ಗ್ರಾಂ ರೆಸಿನ್, 100 ಗ್ರಾಂ ಹಾರ್ಡ್‌ನರ್. ಒಂದು ಗ್ರಾಂ ಕೂಡ ಆಚೀಚೆ ಇಲ್ಲ.

ತಕ್ಕಡಿ_ಬಟ್ಟು

ಇನ್ನೊಂದು ಸಲ ಡಬ್ಬಿ ನೋಡಿ. 2:1ರ ಪಕ್ಕ ಸಣ್ಣ ಅಕ್ಷರದಲ್ಲಿ ಅಳತೆಯ (ಗಾತ್ರದ) ಲೆಕ್ಕವೋ ತೂಕದ ಲೆಕ್ಕವೋ ಅಂತ ಇರುತ್ತದೆ.

ಕೊಪ್ಪದ_ಗರಗಸ

ನೋಡಿದೆ. ಅಳತೆಯ ಲೆಕ್ಕ ಅಂತಲೇ ಇದೆ.

ತಕ್ಕಡಿ_ಬಟ್ಟು

ಅಲ್ಲೇ ಎಡವಿದ್ದು. ರೆಸಿನ್ ಭಾರ, ಹಾರ್ಡ್‌ನರ್ ಹಗುರ. ಒಂದು ಲೀಟರ್ ರೆಸಿನ್ ಸಾಮಾನ್ಯವಾಗಿ 1.1ರಿಂದ 1.15 ಕೆ.ಜಿ. ತೂಗುತ್ತದೆ. ಒಂದು ಲೀಟರ್ ಹಾರ್ಡ್‌ನರ್ ಒಂದು ಕೆ.ಜಿ.ಗಿಂತ ಸ್ವಲ್ಪ ಕಮ್ಮಿ. ಅಳತೆಯಲ್ಲಿ ಎರಡು ಲೋಟಕ್ಕೆ ಒಂದು ಲೋಟ ಅಂದರೆ ತೂಕದಲ್ಲಿ 100ಕ್ಕೆ 42–45ರ ಆಸುಪಾಸು. ನೀವು 100ಕ್ಕೆ 50 ಹಾಕಿದ್ದೀರಿ. ಹತ್ತರಲ್ಲಿ ಒಂದರಿಂದ ಎರಡು ಪಾಲು ಹಾರ್ಡ್‌ನರ್ ಹೆಚ್ಚಾಯಿತು. ಹೆಪ್ಪು ಜಾಸ್ತಿ ಹಾಕಿದರೆ ಮೊಸರು ಬೇಗ ಆಗುತ್ತದಲ್ಲ, ಆ ಲೆಕ್ಕ ಇಲ್ಲಿ ನಡೆಯುವುದಿಲ್ಲ. ರೆಸಿನ್ನಿನ ಒಂದೊಂದು ಕಣಕ್ಕೂ ಹಾರ್ಡ್‌ನರ್‌ನ ಜೊತೆ ಬೇಕು. ಜೊತೆ ಸಿಗದೆ ಮಿಕ್ಕಿದ್ದು ಒಳಗೇ ಉಳಿದು ಮೆತ್ತಗೆ ಮಾಡುತ್ತದೆ. ಅದು ಇನ್ನು ಹತ್ತು ದಿನ ಬಿಟ್ಟರೂ ಗಟ್ಟಿ ಆಗುವುದಿಲ್ಲ.

ತೂಕದಲ್ಲಿ ಅಳೆಯುವುದು ಒಳ್ಳೆಯದೇ, ಆದರೆ ಕಂಪನಿ ತೂಕದ ಲೆಕ್ಕ ಕೊಟ್ಟಿದ್ದರೆ ಮಾತ್ರ. ಇಲ್ಲದಿದ್ದರೆ ಗೆರೆ ಇರುವ ಔಷಧದ ಕಪ್ಪಿನಲ್ಲೇ ಅಳೆಯಿರಿ. ಕಲಸುವುದು ಕನಿಷ್ಠ ನಾಲ್ಕೈದು ನಿಮಿಷ, ತಳ ಮತ್ತು ಗೋಡೆ ಕೆರೆದು ಕೆರೆದು. ಆಮೇಲೆ ಬೇರೆ ಕಪ್ಪಿಗೆ ಬಗ್ಗಿಸಿ ಇನ್ನೊಂದು ನಿಮಿಷ.

ನೇಗಿಲ_ಮನೆ

ಅಯ್ಯೋ. ನನ್ನ ಎರಡು ಗಡಿಯಾರ ಹಾಳಾಗಿದ್ದು ಇದರಿಂದಲೇ ಇರಬೇಕು. ಎರಡು ವರ್ಷದಿಂದ ರೆಸಿನ್ ಕಂಪನಿಯನ್ನೇ ಬೈಯುತ್ತಿದ್ದೆ.

ಮಳೆಕಾಡು

ಮರ ಎಷ್ಟು ಒಣಗಿದೆ ಅಂತ ಯಾರಾದರೂ ಕೇಳಿ. ಹೋದ ಮಳೆಗಾಲದಲ್ಲಿ ಬಿದ್ದ ಮರ, ಈ ಮಳೆಗಾಲದಲ್ಲಿ ಕೆಲಸ. ನಾನೂ ಘಟ್ಟದವನೇ. ಜುಲೈನಲ್ಲಿ ನಮ್ಮ ಕಡೆ ಗಾಳಿಯ ತೇವ 90 ಶೇಕಡ ಇರುತ್ತದೆ. ಅಂಥ ಗಾಳಿಯಲ್ಲಿ ಎಷ್ಟೇ ಒಣಗಿದ ಮರ ಇಟ್ಟರೂ ನಿಧಾನಕ್ಕೆ 20 ಶೇಕಡ ತೇವಕ್ಕೆ ಹೋಗಿ ನಿಲ್ಲುತ್ತದೆ. ರೆಸಿನ್ ಕೆಲಸಕ್ಕೆ 12ರ ಒಳಗೆ ಬೇಕು. ಇಲ್ಲದಿದ್ದರೆ ಬೇಸಿಗೆಯಲ್ಲಿ ಮರ ಕುಗ್ಗುತ್ತದೆ, ರೆಸಿನ್ ಕುಗ್ಗುವುದಿಲ್ಲ, ಮಧ್ಯೆ ಸೀಳು ಬೀಳುತ್ತದೆ.

ತೇವ ಅಳೆಯುವ ಮೀಟರ್ ಇಲ್ಲದಿದ್ದರೆ ನಾನು ಮಾಡುವುದು ಇಷ್ಟೇ. ಹಲಗೆಯನ್ನು ಒಲೆ ಮೇಲಿನ ಅಟ್ಟದಲ್ಲಿ, ಅಡಿಕೆ ಒಣಗಿಸುವ ಜಾಗದಲ್ಲಿ ಇಡುತ್ತೇನೆ. ಎರಡು ದಿನಕ್ಕೊಮ್ಮೆ ತೂಕ ನೋಡಿ ಹಲಗೆಯ ಬೆನ್ನ ಮೇಲೇ ಪೆನ್ಸಿಲಿನಲ್ಲಿ ಬರೆಯುತ್ತೇನೆ. ತೂಕ ಇಳಿಯುವುದು ನಿಂತ ಮೇಲೆ ಕೆಲಸ. ಒಂದೇ ಸಲ ಬೆಂಕಿ ಹತ್ತಿರ ಇಡಬೇಡಿ, ತುದಿ ಬಿರಿಯುತ್ತದೆ.

ಇನ್ನೊಂದು. ಮಳೆಗಾಲದಲ್ಲಿ ಸುರಿದ ರೆಸಿನ್ ಮೇಲೆ ಒಮ್ಮೊಮ್ಮೆ ಮೇಣದಂಥ ಜಿಡ್ಡು ಪದರ ಬರುತ್ತದೆ. ಹಾರ್ಡ್‌ನರ್ ಗಾಳಿಯ ತೇವದ ಜೊತೆ ಸೇರಿ ಆಗುವುದು ಅದು. ಅದನ್ನು ಉಪ್ಪುಕಾಗದದಲ್ಲಿ ಉಜ್ಜಬೇಡಿ, ಒಳಗೇ ಮೆತ್ತಿಕೊಳ್ಳುತ್ತದೆ. ಬೆಚ್ಚಗಿನ ಸೋಪಿನ ನೀರಿನಲ್ಲಿ ಒರೆಸಿದರೆ ಹೋಗುತ್ತದೆ. ಆದರೆ ನಿಮ್ಮದು ಉಗುರು ಊರಿದರೂ ಗುರುತು ಬೀಳುತ್ತದೆ ಅಂದಿರಿ, ಅಂದರೆ ಬರೀ ಜಿಡ್ಡಲ್ಲ, ತಕ್ಕಡಿಯವರು ಹೇಳಿದ್ದೇ ಸರಿ.

ಓಹಾಯೋ_ಕನ್ನಡಿಗ

ನನಗೆ ಇಲ್ಲಿ ತೇವದ ಚಿಂತೆ ಇಲ್ಲ, ಚಳಿಯದ್ದು ಇದೆ. ಜನವರಿಯಲ್ಲಿ ನೆಲಮಾಳಿಗೆ 14 ಡಿಗ್ರಿ. ರೆಸಿನ್ ಜೇನುತುಪ್ಪದ ಹಾಗೆ ದಪ್ಪ, ಗುಳ್ಳೆ ಮೇಲೆ ಬರುವುದೇ ಇಲ್ಲ. ಮುಚ್ಚಳ ಹಾಕಿದ ಬಾಟಲಿಯನ್ನು ಹತ್ತು ನಿಮಿಷ ಬೆಚ್ಚಗಿನ ನೀರಿನಲ್ಲಿ ಇಟ್ಟು ಆಮೇಲೆ ಕಲಸುತ್ತೇನೆ. ಆದರೆ ಬಿಸಿ ಮಾಡಿದಷ್ಟೂ ಕೈಗೆ ಸಿಗುವ ಸಮಯ ಕಮ್ಮಿ, ನೆನಪಿರಲಿ.

ಬಣ್ಣದ_ಬುಟ್ಟಿ

ಬಣ್ಣದ ವಿಷಯ ಬಂತಲ್ಲ, ನನ್ನ ಅನುಭವ ಹೇಳುತ್ತೇನೆ. ದೇವರ ಮನೆಯ ಬಾಗಿಲಿಗೆ ಕಮಲದ ಜಾಲರಿ ಕೊರೆದೆ. ದಳದ ಒಳಗೆ ಹಳದಿ ರೆಸಿನ್ ಬೇಕಿತ್ತು. ಅಂಗಡಿ ಬಣ್ಣ ಯಾಕೆ, ಮನೆಯ ಅರಿಶಿನವೇ ಇದೆಯಲ್ಲ ಅಂತ ಹಾಕಿದೆ. ಕಲಸುವಾಗ ಬಂಗಾರದ ಹಾಗಿತ್ತು. ಹಾರ್ಡ್‌ನರ್ ಹಾಕುತ್ತಿದ್ದಂತೆ ಕೆಂಪಾಗತೊಡಗಿತು. ಬೆಳಿಗ್ಗೆ ನೋಡಿದರೆ ಪೂರ್ತಿ ಆರತಿ ತಟ್ಟೆಯ ಓಕುಳಿ ನೀರಿನ ಬಣ್ಣ.

ತಕ್ಕಡಿ_ಬಟ್ಟು

ಓಕುಳಿ ಅಂತ ನೀವೇ ಹೇಳಿಬಿಟ್ಟಿರಿ. ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ, ಯಾಕೆಂದರೆ ಸುಣ್ಣ ಕ್ಷಾರ. ಎಪಾಕ್ಸಿಯ ಹಾರ್ಡ್‌ನರ್ ಕೂಡ ಕ್ಷಾರವೇ. ಹಳದಿಯಾಗೇ ಉಳಿದಿದ್ದರೂ ಪ್ರಯೋಜನ ಇರಲಿಲ್ಲ, ಬಿಸಿಲಿಗೆ ಅರಿಶಿನದ ಬಣ್ಣ ಬೇಗ ಹಾರುತ್ತದೆ. ಬಾಗಿಲು, ಗೋಡೆಗೆಲ್ಲ ಪೇಸ್ಟ್ ಬಣ್ಣವೇ ಸರಿ. ಅದೂ ಒಟ್ಟು ತೂಕದ ಐದು ಶೇಕಡ ದಾಟಬಾರದು.

ಹೊಳೆದಂಡೆ

ಮರವೇ ಬಣ್ಣ ಬಿಡುವುದೂ ಇದೆ. ಹೊನ್ನೆ ಮರದಲ್ಲಿ ಬಿಳಿ ರೆಸಿನ್ ಹಾಕಲು ಹೋಗಬೇಡಿ. ಹೊನ್ನೆ ಲೋಟದಲ್ಲಿ ನೀರಿಟ್ಟರೆ ಬಣ್ಣ ಬಿಡುವುದನ್ನು ನೋಡಿದ್ದೀರಲ್ಲ, ಸ್ಪಿರಿಟ್ ತಾಗಿದರೂ ಹಾಗೇ. ನಾನು ಉಜ್ಜಿದ ಮೇಲೆ ಸ್ಪಿರಿಟ್ಟಿನಲ್ಲಿ ಒರೆಸಿದೆ. ಬಿಳಿ ಪೂರ್ತಿ ಕಾವಿ ಬಣ್ಣವಾಯಿತು.

ಸಾಣೆಕಲ್ಲು

ತೇಗದಲ್ಲೂ ಎಚ್ಚರ. ಅದರ ಎಣ್ಣೆಗೆ ರೆಸಿನ್ ಸರಿಯಾಗಿ ಕಚ್ಚುವುದಿಲ್ಲ. ಸುರಿಯುವ ಮುಂಚೆ ಅಂಚಿಗೆ ಅಸಿಟೋನ್ ಒರೆಸಿ, ಆರಿದ ತಕ್ಷಣ ಕೆಲಸ ಮಾಡಬೇಕು.

ಬೀಟೆಮನೆ

ಬಹಳ ದಿನದಿಂದ ಓದುತ್ತಿದ್ದೇನೆ, ಇವತ್ತು ಬರೆಯಲೇಬೇಕು ಅನಿಸಿತು. ರೆಸಿನ್ ಸುರಿಯುವುದನ್ನು ಎಲ್ಲರೂ ಇನ್‌ಲೇ ಅನ್ನುತ್ತಾರೆ. ನಮ್ಮಪ್ಪ ಮೈಸೂರಿನಲ್ಲಿ 40 ವರ್ಷ ಬೀಟೆ ಮರದ ಇನ್‌ಲೇ ಮಾಡಿದವರು. ಹಲಸಿನ ಹಳದಿ ಒಂದು ಚೂರು, ಬೇರೆ ಮರದ ಕಂದು ಇನ್ನೊಂದು ಚೂರು, ಎಲ್ಲ ಕೈಗರಗಸದಲ್ಲಿ ಕೊರೆದು, ಬೀಟೆ ಹಲಗೆಯಲ್ಲಿ ಅಷ್ಟೇ ಆಳ ಉಳಿಯಲ್ಲಿ ತೋಡಿ ಕೂರಿಸುತ್ತಿದ್ದರು. ಚೂರು ಮತ್ತು ಗುಂಡಿಯ ನಡುವೆ ಕೂದಲು ಹೋಗಬಾರದು. ಒಂದು ಅಂಬಾರಿ ಆನೆಗೆ ನೂರಾರು ಚೂರು. ಕೂರಿಸುವುದು ಇನ್‌ಲೇ, ಸುರಿಯುವುದು ಇನ್‌ಲೇ ಅಲ್ಲ. ಸುರಿದರೆ ಗುಂಡಿ ಹೇಗಿದ್ದರೂ ತುಂಬಿಕೊಳ್ಳುತ್ತದೆ, ಕೈಗೆ ಪರೀಕ್ಷೆಯೇ ಇಲ್ಲ. ಇದು ಹೊಟ್ಟೆಕಿಚ್ಚಿನ ಮಾತಲ್ಲ. ಗಿರಾಕಿಗಳು ಎರಡೂ ಒಂದೇ ಅಂದುಕೊಂಡು ಬೆಲೆ ಕೇಳುತ್ತಾರೆ, ಅದು ನಮಗೆ ನೋವು.

ನೇಗಿಲ_ಮನೆ

ಮೈಸೂರು ಅರಮನೆಯ ಅಂಬಾವಿಲಾಸ ಸಭಾಂಗಣದ ಬಾಗಿಲು ನೋಡಿದವರಿಗೆ ಇವರು ಹೇಳುವುದು ಅರ್ಥವಾಗುತ್ತದೆ. ಬೀಟೆ ಮರದಲ್ಲಿ ದಂತ ಕೂರಿಸಿದ್ದು. ಅರಮನೆ ಮುಗಿದದ್ದು 1912ರಲ್ಲಿ. ಇವತ್ತಿಗೂ ಗೆರೆ ತಪ್ಪಿಲ್ಲ.

ಸಾಣೆಕಲ್ಲು

ಬೀಟೆಮನೆಯವರೇ, ನಿಮ್ಮ ತಂದೆಯವರ ಕೆಲಸದ ಮೇಲೆ ಗೌರವ ಇಟ್ಟುಕೊಂಡೇ ಕೇಳುತ್ತೇನೆ. ದಂತದ ವ್ಯಾಪಾರ ನಿಂತ ಮೇಲೆ ಬಿಳಿ ಪ್ಲಾಸ್ಟಿಕ್ ಹಾಳೆ ಬಂತಲ್ವಾ? ಅದನ್ನೂ ಇನ್‌ಲೇ ಅಂತಲೇ ಕರೆಯುತ್ತೇವೆ. ವಸ್ತು ಬದಲಾದರೆ ಹೆಸರು ಬದಲಾಗಬೇಕಾ?

ಬೀಟೆಮನೆ

ವಸ್ತುವಿನ ಮಾತೇ ಅಲ್ಲ. 1986ರಲ್ಲಿ ಕಾನೂನು ತಿದ್ದಿ ನಮ್ಮ ದೇಶದ ದಂತದ ವ್ಯಾಪಾರ ನಿಲ್ಲಿಸಿದರು, 1991ರಲ್ಲಿ ಆಫ್ರಿಕಾದಿಂದ ಬರುತ್ತಿದ್ದದ್ದೂ ನಿಂತಿತು. ಅದು ನಿಲ್ಲಬೇಕಾದದ್ದೇ. ಆಮೇಲೆ ಅಪ್ಪ ಬಿಳಿ ಅಕ್ರಿಲಿಕ್ ಹಾಳೆ ಹಾಕಿದರು. ಆದರೆ ಅದನ್ನೂ ಕೊರೆದೇ ಕೂರಿಸಿದರು. ವಿಧಾನ ಅದೇ. ನಾನು ಹೇಳುತ್ತಿರುವುದು ವಿಧಾನದ ಬಗ್ಗೆ.

ಹೊಳೆದಂಡೆ

ಬೀದರಿನಲ್ಲೂ ಹಾಗೇ ಅಲ್ವಾ. ಗೆರೆ ತೋಡಿ ಬೆಳ್ಳಿ ತಂತಿಯನ್ನು ಬಡಿದು ಕೂರಿಸುತ್ತಾರೆ. ಕರಗಿಸಿ ಸುರಿಯುವುದಿಲ್ಲ.

ಉಳಿಬಾಚಿ

ಆದರೆ ನಿಮ್ಮ ತಂದೆಯವರು ಆನೆಯ ಕಣ್ಣು, ಎಲೆಯ ನರ ಹೇಗೆ ಮಾಡುತ್ತಿದ್ದರು? ನಾನು ನೋಡಿದ ಹಳೆಯ ಕೆಲಸದಲ್ಲಿ ಬಿಳಿಯ ಮೇಲೆ ಸಣ್ಣಗೆ ಗೀರಿ ಕಪ್ಪು ತುಂಬಿದ್ದಾರೆ. ಅದು ತುಂಬಿದ್ದೇ ತಾನೇ, ಕೂರಿಸಿದ್ದಲ್ಲ.

ಬೀಟೆಮನೆ

ಹೌದು. ಗೀರಿ ಕಪ್ಪು ಅರಗು ತುಂಬುತ್ತಿದ್ದರು. ಅದನ್ನು ನಮ್ಮ ಮನೆಯಲ್ಲಿ ಇನ್‌ಲೇ ಅನ್ನುತ್ತಿರಲಿಲ್ಲ, "ಗೀರು ತುಂಬುವುದು" ಅನ್ನುತ್ತಿದ್ದರು. ನೀವೂ ಇದನ್ನು ರೆಸಿನ್ ತುಂಬುವುದು ಅನ್ನಿ. ನನ್ನ ತಕರಾರು ಅಲ್ಲಿಗೆ ಮುಗಿಯುತ್ತದೆ.

ಅರಗು_ಚಕ್ರ

ಅರಗು ಅಂದ ಕೂಡಲೇ ಬಂದೆ. ನಾನು ಚನ್ನಪಟ್ಟಣದವಳು. ನಮ್ಮಲ್ಲಿ ಹಾಲೆ ಮರವನ್ನು ಚಕ್ರಕ್ಕೆ ಹಾಕಿ ತಿರುಗಿಸುತ್ತಾ ಬಣ್ಣದ ಅರಗಿನ ಕಡ್ಡಿ ಒತ್ತುತ್ತೇವೆ. ಉಜ್ಜಿದ ಬಿಸಿಗೇ ಅರಗು ಕರಗಿ ಹಿಡಿಯುತ್ತದೆ. ಆಮೇಲೆ ತಾಳೆ ಗರಿಯಲ್ಲಿ ಉಜ್ಜಿದರೆ ಹೊಳಪು. ಅದೇ ಕಡ್ಡಿಯನ್ನು ನಾನು ಚಪ್ಪಟೆ ಕೆಲಸಕ್ಕೂ ಹಾಕುತ್ತೇನೆ. ಮೂರು ಮಿ.ಮೀ. ಹಲಗೆಯಲ್ಲಿ ಚಿತ್ತಾರ ಕೊರೆದು, ಇನ್ನೊಂದು ಹಲಗೆಯ ಮೇಲೆ ಅಂಟಿಸಿ, ಗುಂಡಿಗೆ ಬೆಸುಗೆ ಹಾಕುವ ಕಡ್ಡಿಯ ಬಿಸಿಯಲ್ಲಿ ಅರಗು ಇಳಿಸುತ್ತೇನೆ. ಹತ್ತು ನಿಮಿಷದಲ್ಲಿ ಗಟ್ಟಿ. ಬಣ್ಣ ಎಳೆಯೊಳಗೆ ಹರಡುವುದಿಲ್ಲ, ಹರಡಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಹೆಚ್ಚಾದದ್ದನ್ನು ಉಳಿಯಲ್ಲಿ ಕೆರೆದರೆ ಆಯಿತು.

ಕೊಪ್ಪದವರ ಕೆಲಸಕ್ಕೆ ಇದು ಆಗುವುದಿಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. 18 ಮಿ.ಮೀ. ಆಳ ಜಾಸ್ತಿ ಆಯಿತು. ಅರಗು ಸುಮಾರು 75 ಡಿಗ್ರಿಗೆ ಕರಗುತ್ತದೆ, ಅದಕ್ಕಿಂತ ಮುಂಚೆಯೇ ಮೆತ್ತಗಾಗುತ್ತದೆ. ಪಡುವಣದ ಬಿಸಿಲು ಬೀಳುವ ಬಾಗಿಲಿಗೆ ಬೇಡ. ಮನೆಯೊಳಗಿನ ಪೆಟ್ಟಿಗೆ, ಗಡಿಯಾರ, ಆಟಿಕೆಗೆ ಚೆನ್ನ.

ಬಣ್ಣದ_ಬುಟ್ಟಿ

ಇದು ನನಗೆ ಬೇಕಿತ್ತು. ದೇವರ ಮನೆ ಬಾಗಿಲಿಗೆ ಆಗಬಹುದಾ? ದೀಪ ಎರಡು ಅಡಿ ದೂರ ಇರುತ್ತದೆ.

ಅರಗು_ಚಕ್ರ

ಎರಡು ಅಡಿ ಇದ್ದರೆ ತೊಂದರೆ ಇಲ್ಲ. ದೀಪದ ನೇರ ಮೇಲೆ ಬರಬಾರದು ಅಷ್ಟೇ.

ಕೈಚೀಲ

ಒಂದು ಮಾತು ಎಲ್ಲರೂ ಬಿಟ್ಟಿದ್ದೀರಿ. ಕೊಪ್ಪದವರು "ಬೆರಳಿಗೆ ಅಂಟುತ್ತದೆ" ಅಂತ ಬರೆದಿದ್ದಾರೆ. ಅಂದರೆ ಗಟ್ಟಿಯಾಗದ ರೆಸಿನ್ ಅನ್ನು ಬರಿಗೈಯಲ್ಲಿ ಮುಟ್ಟುತ್ತಿದ್ದಾರೆ. ದಯವಿಟ್ಟು ನಿಲ್ಲಿಸಿ.

ನಾನು ಎರಡು ವರ್ಷ ಹಾಗೇ ಮಾಡಿದೆ. ಕೈಗೆ ಅಂಟಿದರೆ ಅಸಿಟೋನ್ ಹಾಕಿ ತೊಳೆಯುತ್ತಿದ್ದೆ. ಏನೂ ಆಗಲಿಲ್ಲ. ಮೂರನೇ ವರ್ಷ ಮಣಿಕಟ್ಟಿನಲ್ಲಿ ಕೆಂಪು ದದ್ದು, ಆಮೇಲೆ ಕಣ್ಣಿನ ರೆಪ್ಪೆ ಊದಿಕೊಂಡಿತು. ಚರ್ಮದ ಡಾಕ್ಟರು ಪರೀಕ್ಷೆ ಮಾಡಿ ಎಪಾಕ್ಸಿ ಅಲರ್ಜಿ ಅಂದರು. ಒಮ್ಮೆ ಬಂದರೆ ಹೋಗುವುದಿಲ್ಲ. ಈಗ ಪಕ್ಕದ ಕೋಣೆಯಲ್ಲಿ ಯಾರಾದರೂ ಕಲಸಿದರೂ ನನ್ನ ಮುಖ ಉರಿಯುತ್ತದೆ. ತುಂಬ ಪ್ರೀತಿಯಿಂದ ಮಾಡುತ್ತಿದ್ದ ಕೆಲಸ ಬಿಟ್ಟೆ. ಅಸಿಟೋನ್ ಹಾಕಿದ್ದು ಇನ್ನೂ ತಪ್ಪು, ಅದು ರೆಸಿನ್ ಅನ್ನು ಚರ್ಮದೊಳಗೆ ಇಳಿಸುತ್ತದೆ. ಸೋಪು ನೀರಿನಲ್ಲಿ ತೊಳೆಯಬೇಕು. ನೈಟ್ರೈಲ್ ಕೈಗವಸು ಹಾಕಿ, ಬಿಳಿ ರಬ್ಬರಿನದ್ದು ಸಾಲದು. ಕಲಸುವಾಗ ಕಿಟಕಿ ತೆಗೆದಿಡಿ, ಉಜ್ಜುವಾಗ ಧೂಳಿನ ಮಾಸ್ಕ್.

ನೇಗಿಲ_ಮನೆ

ನಾನು ತರಿಸುವ ರೆಸಿನ್‌ಗೆ ವಾಸನೆಯೇ ಇಲ್ಲ. ಅದು ಪರವಾಗಿಲ್ಲ ಅಂದುಕೊಂಡಿದ್ದೆ.

ಕೈಚೀಲ

ವಾಸನೆಗೂ ಅಲರ್ಜಿಗೂ ಸಂಬಂಧ ಇಲ್ಲ. ನನಗೆ ಬಂದದ್ದೂ ವಾಸನೆ ಇಲ್ಲದ್ದರಿಂದಲೇ.

ಕೊಪ್ಪದ_ಗರಗಸ

ಕೈಚೀಲ ಅವರೇ, ಇವತ್ತೇ ಪೇಟೆಗೆ ಹೋಗಿ ಒಂದು ಪೆಟ್ಟಿಗೆ ನೈಟ್ರೈಲ್ ತಂದೆ. ನೀವು ಬರೆದದ್ದಕ್ಕೆ ತುಂಬ ಥ್ಯಾಂಕ್ಸ್. ನನ್ನ ಮಗಳೂ ಪಕ್ಕದಲ್ಲಿ ಕೂತು ಬಣ್ಣ ಕಲಸುತ್ತಿದ್ದಳು. ಇನ್ನು ಅವಳಿಗೆ ಚಿತ್ರ ಅಂಟಿಸುವ ಕೆಲಸ ಮಾತ್ರ.

ಈಗ ಹೇಳಿ, ಈ ಹಲಗೆಯನ್ನು ಏನು ಮಾಡಲಿ?

ಸಾಣೆಕಲ್ಲು

ಮೆತ್ತಗಿರುವ ರೆಸಿನ್ ತೆಗೆಯಲೇಬೇಕು. ಅದರ ಮೇಲೆ ಇನ್ನೊಂದು ಪದರ ಸುರಿದು ಮುಚ್ಚಬೇಡಿ. ಹಾಟ್ ಏರ್ ಗನ್ನಿನಲ್ಲಿ ನಿಧಾನಕ್ಕೆ ಬಿಸಿ ಮಾಡಿ, ಕೈಗವಸು, ಮಾಸ್ಕ್ ಹಾಕಿಕೊಂಡು, ಅಂಗಳದಲ್ಲಿ. ರಬ್ಬರಿನ ಹಾಗೆ ಆದಾಗ ಸಣ್ಣ ಉಳಿಯಲ್ಲಿ ಎಬ್ಬಿಸಿದರೆ ಉದ್ದಕ್ಕೆ ಎದ್ದು ಬರುತ್ತದೆ. ಆಮೇಲೆ ಅದೇ ಅಕ್ಷರವನ್ನು 3 ಮಿ.ಮೀ. ಹೊರಗೆ ಹೊಸ ಗೆರೆ ಹಾಕಿ ಮತ್ತೆ ಕೊರೆಯಿರಿ. ಅಕ್ಷರ ದಪ್ಪ ಆಗುತ್ತದೆ, ಹರಡಿದ ಬಣ್ಣದ ಬಹುಪಾಲು ಕತ್ತರಿಸಿ ಹೋಗುತ್ತದೆ.

ಉಳಿಬಾಚಿ

ಸೊನ್ನೆಯ ಬಿಲ್ಲೆಯೊಳಗೂ ನೀಲಿ ಹೋಗಿರುತ್ತದೆ, ಅದನ್ನು ಏನು ಮಾಡುತ್ತೀರಿ? ಬಿಲ್ಲೆಯನ್ನು ಒಳಗೆ ಕೊರೆದರೆ ಸಣ್ಣದಾಗುತ್ತದೆ, ಸೊನ್ನೆ ಉಂಗುರದ ಬದಲು ಉದ್ದಿನ ವಡೆ ಆಗುತ್ತದೆ. ನನ್ನ ಮಾತು ಕೇಳಿ, 19 ದಿನ ಇದೆ, ಹೊಸ ಹಲಗೆ ತೆಗೆದುಕೊಳ್ಳಿ. ಆದರೆ ಹಳೆಯದನ್ನು ಬಿಸಾಡಬೇಡಿ. ಅದರಲ್ಲಿ ಉಳಿದ ಜಾಗದಲ್ಲಿ ಆರು ಗುಂಡಿ ಕೊರೆದು, ಅರಗು ಬಳಿದದ್ದು, ಬಣ್ಣವಿಲ್ಲದ ರೆಸಿನ್ ಬಳಿದದ್ದು, ಏನೂ ಬಳಿಯದ್ದು ಅಂತ ಎರಡೆರಡು ಮಾಡಿ ನೋಡಿ. ನಾನೂ ಸಾಣೆಕಲ್ಲೂ ಇಲ್ಲಿ ಜಗಳ ಆಡುವ ಬದಲು ನಿಮ್ಮ ಹಲಸೇ ಹೇಳಲಿ.

ಸಾಣೆಕಲ್ಲು

ಇದಕ್ಕೆ ನಾನು ಒಪ್ಪಿದೆ.

ತಕ್ಕಡಿ_ಬಟ್ಟು

18 ಮಿ.ಮೀ. ಒಂದೇ ಸಲ ಸುರಿಯಬೇಡಿ. ನಿಮ್ಮದು ಮೇಲ್ಮೈ ಪದರಕ್ಕೆ ಹಾಕುವ ರೆಸಿನ್. ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ, ಆಳ ಹೆಚ್ಚಾದಷ್ಟೂ ಬಿಸಿ ಹೊರಗೆ ಹೋಗುವುದಿಲ್ಲ. 5–6 ಮಿ.ಮೀ. ಅಂತೆ ಮೂರು ಸಲ. ಇಲ್ಲದಿದ್ದರೆ ಆಳಕ್ಕೆ ಅಂತಲೇ ಬರುವ ನಿಧಾನದ ರೆಸಿನ್ ತನ್ನಿ.

ಗೆರೆ_ಬಳ್ಳಿ

ಇನ್ನೊಂದು ದಾರಿ ಇದೆ. ಹಲಗೆಯನ್ನು ಆರುಪಾರು ಕೊರೆಯುವ ಬದಲು 6 ಮಿ.ಮೀ. ಹಲಗೆಯಲ್ಲಿ ಕೊರೆದು 12 ಮಿ.ಮೀ. ಹಲಗೆಯ ಮೇಲೆ ಅಂಟಿಸಿ. ಟೇಪ್ ಬೇಡ, ಸೋರುವುದಿಲ್ಲ, ಬಿಲ್ಲೆಗಳನ್ನು ಹಿಂದಿನ ಹಲಗೆಗೇ ಅಂಟಿಸಬಹುದು, ರೆಸಿನ್ ಕೂಡ ಮೂರನೇ ಒಂದು ಪಾಲು ಸಾಕು. ಎರಡೂ ಹಲಗೆಯ ಎಳೆ ಒಂದೇ ದಿಕ್ಕಿಗೆ ಇರಲಿ.

ನಾನು ಚಿತ್ರಗಳಿಗೆ ಸುರುಳಿ ಬ್ಲೇಡ್ ಬಳಸುತ್ತೇನೆ. ಮಾಮೂಲಿ ಐದನೇ ನಂಬರಿನ ದಪ್ಪ ಅರ್ಧ ಮಿ.ಮೀ. ಕೂಡ ಇಲ್ಲ, ಸುರುಳಿಯದ್ದು ಒಂದು ಮಿ.ಮೀ. ಹತ್ತಿರ ದಾರಿ ಬಿಡುತ್ತದೆ. ಕೊರೆದ ತುಂಡು ತೆಗೆಯುವುದೇ ಇಲ್ಲ, ಆ ದಾರಿಗೆ ಮಾತ್ರ ಕಪ್ಪು ರೆಸಿನ್ ತುಂಬುತ್ತೇನೆ. ಪೆನ್ನಿನಲ್ಲಿ ಬರೆದ ಚಿತ್ರದ ಹಾಗೆ ಕಾಣುತ್ತದೆ.

ಮಳೆಕಾಡು

ಬಿಲ್ಲೆ ಟೇಪಿನ ಮೇಲೆ ಬರೀ ಇಟ್ಟರೆ ತೇಲುತ್ತದೆ! ಮರ ರೆಸಿನ್‌ಗಿಂತ ಹಗುರ. ಸೂಪರ್ ಗ್ಲೂ ಒಂದು ಹನಿ ಹಾಕಿ ಕೂರಿಸಿ.

ಅಕ್ಷರ_ಅಂಗಡಿ

ಅಕ್ಷರಕ್ಕೆ ಯಾವ ಫಾಂಟ್ ತೆಗೆದುಕೊಂಡಿರಿ? ನುಡಿ ತಂತ್ರಾಂಶದಲ್ಲಿ ಬರುವ ಮಾಮೂಲಿ ಫಾಂಟುಗಳಲ್ಲಿ ತಲೆಕಟ್ಟಿನ ತುದಿ ತುಂಬ ಚೂಪು, ಅಲ್ಲಿ ರೆಸಿನ್ ಇಳಿಯುವುದಿಲ್ಲ, ಗುಳ್ಳೆ ಸಿಕ್ಕಿಕೊಳ್ಳುತ್ತದೆ. ನಾನು ಪ್ರಿಂಟ್ ತೆಗೆದು ಚೂಪು ತುದಿಗಳನ್ನೆಲ್ಲ ಪೆನ್ಸಿಲಿನಲ್ಲಿ ದುಂಡು ಮಾಡಿಕೊಂಡೇ ಕೊರೆಯುವುದು.

ಕೊಪ್ಪದ_ಗರಗಸ

ಅಕ್ಷರ ಮಗಳು ಕೈಯಲ್ಲೇ ಬರೆದದ್ದು. ಚೂಪು ತುದಿ ಇಲ್ಲ.

ಕೊಪ್ಪದ_ಗರಗಸ

ಹನ್ನೆರಡು ದಿನ ಆಯಿತು. ನೀವೆಲ್ಲ ಹೇಳಿದ ಹಾಗೆ ಮಾಡಿ ನೋಡಿ ಬರೆಯುತ್ತಿದ್ದೇನೆ.

ಹಳೆಯ ಹಲಗೆಯಲ್ಲಿ ಆರು ಗುಂಡಿ ಮಾಡಿದೆ. ಈ ಸಲ ಔಷಧದ ಕಪ್ಪಿನಲ್ಲಿ ಅಳೆದು, ನೀಲಿ ಪೇಸ್ಟ್ ಹಾಕಿದೆ. ಮರುದಿನವೇ ಗಟ್ಟಿ, ಉಗುರು ಊರಿದರೆ ಗುರುತಿಲ್ಲ. ಏನೂ ಬಳಿಯದ ಎರಡರಲ್ಲೂ ಅಂಚು ಮಸುಕು, ಗುಳ್ಳೆ ಇದೆ. ಅರಗು ಬಳಿದದ್ದರ ಗೆರೆ ಎಲ್ಲಕ್ಕಿಂತ ಚೊಕ್ಕ. ಬಣ್ಣವಿಲ್ಲದ ರೆಸಿನ್ ಬಳಿದದ್ದರಲ್ಲಿ ಗುಳ್ಳೆ ಒಂದೂ ಇಲ್ಲ, ಆದರೆ ತುದಿ ಎಳೆಯ ಕಡೆ ತೆಳ್ಳಗೆ ನೆರಳಿದೆ. ಎಣ್ಣೆ ಒರೆಸಿ ನೋಡಿದೆ. ನೆರಳು ಮುಕ್ಕಾಲು ಪಾಲು ಹೋಯಿತು, ಪೂರ್ತಿ ಹೋಗಲಿಲ್ಲ.

ಹೊಸ ಹಲಗೆ ಎಂಟು ದಿನ ಅಟ್ಟದ ಮೇಲಿತ್ತು. ತೂಕ 1,640 ಗ್ರಾಂ ಇದ್ದದ್ದು 1,530ಕ್ಕೆ ಬಂದು ನಿಂತಿತು. ಗೆರೆ_ಬಳ್ಳಿಯವರು ಹೇಳಿದಂತೆ ಎರಡು ಪದರ ಮಾಡಿದೆ, ಅಂಚಿಗೆ ಅರಗಿನ ತಿಳಿ ಮೂರು ಕೈ. ನಿನ್ನೆ ಸುರಿದೆ. ಮಿಕ್ಕ ರೆಸಿನ್ ಕಪ್ಪಿನಲ್ಲೇ ಗಟ್ಟಿಯಾಗಲು ಬಿಟ್ಟೆ, ಬಚ್ಚಲಿಗೆ ಹಾಕಿಲ್ಲ.

ಒಂದೇ ಒಂದು ತಪ್ಪಾಗಿದೆ. ಸೊನ್ನೆಯ ಬಿಲ್ಲೆ ದುಂಡಗಿದೆಯಲ್ಲ, ಅಂಟಿಸುವಾಗ ಕಾಲು ಸುತ್ತು ತಿರುಗಿ ಕೂತಿದೆ. ಹಲಗೆಯ ಎಳೆ ಅಡ್ಡ, ಬಿಲ್ಲೆಯ ಎಳೆ ಉದ್ದ. ಕೊರೆಯುವ ಮುಂಚೆ ಮೇಲೆ ಒಂದು ಪೆನ್ಸಿಲ್ ಗೆರೆ ಎಳೆದುಕೊಂಡಿದ್ದರೆ ಆಗುತ್ತಿರಲಿಲ್ಲ. ಮುಂದೆ ಮಾಡುವವರು ನೆನಪಿಟ್ಟುಕೊಳ್ಳಿ. ಅಕ್ಕನಿಗೆ ಫೋಟೋ ಕಳಿಸಿ, ಬಿಲ್ಲೆ ತೆಗೆದು ಬೇರೆ ಹಾಕಲಾ ಅಂತ ಕೇಳಿದೆ. ಮುಟ್ಟಬೇಡ, ಅದು ಮಂದಾರ ಹೂವಿನ ನಡುವಿನ ಕೇಸರದ ಹಾಗಿದೆ ಅಂದಳು.

ಬೀಟೆಮನೆ

ಆ ಬಿಲ್ಲೆ ಹಾಗೇ ಇರಲಿ. ಎಳೆ ಅಡ್ಡ ಇಟ್ಟರೆ ಬೆಳಕಿಗೆ ಬಣ್ಣ ಬೇರೆ ಕಾಣುತ್ತದೆ. ಅಪ್ಪ ಎಲೆಯ ಎರಡು ಅರ್ಧವನ್ನು ಬೇಕೆಂದೇ ಹಾಗೆ ತಿರುಗಿಸಿ ಕೂರಿಸುತ್ತಿದ್ದರು.

ಉಳಿಬಾಚಿ

ಉಜ್ಜುವುದು ಕನಿಷ್ಠ ಮೂರು ದಿನ ಬಿಟ್ಟು. 120 ನಂಬರಿನ ಉಪ್ಪುಕಾಗದದಿಂದ ಶುರು ಮಾಡಿ 180, 240, 320. ಒಂದೇ ಕಡೆ ಒತ್ತಿ ಉಜ್ಜಿದರೆ ರೆಸಿನ್ ಬಿಸಿಯಾಗಿ ಕಾಗದಕ್ಕೆ ಮೆತ್ತುತ್ತದೆ, ಮಧ್ಯೆ ಮಧ್ಯೆ ಕೈ ಬಿಡಿ. 320 ಮುಗಿದಾಗ ನೀಲಿ ಮಂಕಾಗಿ ಕಾಣುತ್ತದೆ, ಗಾಬರಿ ಬೇಡ, ಎಣ್ಣೆ ಬಿದ್ದ ಕೂಡಲೇ ಬಣ್ಣ ವಾಪಸ್ ಬರುತ್ತದೆ.

ಸಾಣೆಕಲ್ಲು

ಹೊರಗಿನ ಬಾಗಿಲಿಗೆ ಬರೀ ಎಣ್ಣೆ ಸಾಲದು, ಬಿಸಿಲಿಗೆ ರೆಸಿನ್ ಹಳದಿಯಾಗುತ್ತದೆ. ಬಿಸಿಲು ತಡೆಯುವ ಪಿಯು (ಪಾಲಿಯುರೆಥೇನ್) ವಾರ್ನಿಶ್ ಎರಡು ಕೈ ಹೊಡೆಯಿರಿ. ಬಾಗಿಲು ಯಾವ ದಿಕ್ಕಿಗೆ?

ಕೊಪ್ಪದ_ಗರಗಸ

ಪೂರ್ವಕ್ಕೆ. ಮುಂದೆ ಎಂಟು ಅಡಿ ಜಗುಲಿ ಇದೆ, ಒಂಬತ್ತು ಗಂಟೆಯ ಮೇಲೆ ಬಿಸಿಲು ಬರುವುದಿಲ್ಲ. ಆದರೂ ಪಿಯು ಹೊಡೆಯುತ್ತೇನೆ.